ಹಳೇ ಸಿಸ್ಟಮ್‌ಗೆ ಲಿನಕ್ಸ್ ಹಾಕ್ಸೋದಾ ಬೇಡ್ವಾ? ದಾವಣಗೆರೆ ಲೆಕ್ಕದಲ್ಲಿ ನೋಡೋಣ

2025ರ ಅಕ್ಟೋಬರ್ 14ಕ್ಕೆ ಮೈಕ್ರೋಸಾಫ್ಟ್‌ನೋರು ವಿಂಡೋಸ್ 10ಕ್ಕೆ ಸಪೋರ್ಟ್ ನಿಲ್ಸಿದ್ರಲ್ಲ, ಅವಾಗಿಂದ ದಾವಣಗೆರೆಯಲ್ಲಿ ಯಾವ ಕಂಪ್ಯೂಟರ್ ಅಂಗಡಿ ಮುಂದೆ ನಿಂತ್ರೂ ಒಂದೇ ವಾದ. ಒಬ್ಬ ಅಂತಾನೆ "ವಿಂಡೋಸ್ ಬದ್ಲಿ ಲಿನಕ್ಸ್ ಅನ್ನೋ ಆಪರೇಟಿಂಗ್ ಸಿಸ್ಟಮ್ (ಓಎಸ್) ಹಾಕ್ಸಪ್ಪ, ಪುಕ್ಕಟೆ ಐತೆ, ವೈರಸ್ ಬರಲ್ಲ, ಹಳೇ ಸಿಸ್ಟಮ್ ಚೆನ್ನಾಗಿ ಓಡ್ತೈತೆ". ಇನ್ನೊಬ್ಬ ಅಂತಾನೆ "ಅದ್ರಾಗೆ ಲೆಕ್ಕದ ಟ್ಯಾಲಿ ಬರಲ್ಲ, ಕನ್ನಡ ಟೈಪ್ ಮಾಡೋ ನುಡಿ ಬರಲ್ಲ, ಪ್ರಿಂಟರ್ ತಗೊಳಲ್ಲ, ಏನ್ ಮುಖ ನೋಡ್ಕೊಂಡು ಕೂಡ್ಲಾ ಅದರದ್ದು". ಇಬ್ಬರದ್ದೂ ಅರ್ಧ ಸರಿ ಅರ್ಧ ತಪ್ಪು, ಮತ್ತೆ ಇಬ್ಬರೂ ಬಿಟ್ಟುಬಿಡೋ ಒಂದು ವಿಷಯ ಇದೆ, ನನ್ನ ಪ್ರಕಾರ ಅದೇ ಮುಖ್ಯ, ಅದಕ್ಕೇ ಸ್ವಲ್ಪ ಉದ್ದಕ್ಕೆ ಬರೀತಿದೀನಿ.

ಈ ವಾದ ಈಗಲೇ ಯಾಕೆ ಎದ್ದಿತು ಅಂದ್ರೆ, ವಿಂಡೋಸ್ 11 ಹಾಕ್ಬೇಕಾದ್ರೆ ಇಂಟೆಲ್ 8ನೇ ಜನರೇಷನ್ ಅಥವಾ ಅದರ ಮುಂದಿನ ಪ್ರೊಸೆಸರ್ ಇರಬೇಕು, ಟಿಪಿಎಂ 2.0 ಅನ್ನೋ ಸೆಕ್ಯುರಿಟಿ ಚಿಪ್ ಇರಬೇಕು, 4 ಜಿಬಿ ರ‍್ಯಾಮ್ ಇರಬೇಕು. ರ‍್ಯಾಮ್ ಎಲ್ಲರ ಹತ್ರನೂ ಇರುತ್ತೆ, ಸಿಕ್ಕಾಕ್ಕೊಳ್ಳೋದು ಪ್ರೊಸೆಸರ್ ಹತ್ರ. 8ನೇ ಜನರೇಷನ್ ಮಾರ್ಕೆಟ್‌ಗೆ ಬಂದಿದ್ದೇ 2017ರಲ್ಲಿ. ಅದಕ್ಕಿಂತ ಹಿಂದಿನ ಐ3, ಐ5 ಸಿಸ್ಟಮ್‌ಗಳು ನಮ್ಮೂರ ಅಂಗಡಿ, ಆಫೀಸು, ಮನೆಗಳಲ್ಲಿ ಇವತ್ತಿಗೂ ತುಂಬಿಕೊಂಡಿವೆ, ಒಂದು ಎಸ್‌ಎಸ್‌ಡಿ ಹಾಕಿದ್ರೆ ಯಾವ ತಕರಾರೂ ಇಲ್ದೆ ಕೆಲಸ ಮಾಡ್ತವೆ, ಆದ್ರೆ ವಿಂಡೋಸ್ 11ರ ಲಿಸ್ಟಲ್ಲಿ ಅವಕ್ಕೆ ಜಾಗ ಇಲ್ಲ. ಸಪೋರ್ಟ್ ನಿಂತಿದೆ ಅಂದ್ರೆ ಸಿಸ್ಟಮ್ ಆನ್ ಆಗಲ್ಲ ಅಂತಲ್ಲ, ಇನ್ಮೇಲೆ ಹೊಸದಾಗಿ ಸೆಕ್ಯುರಿಟಿ ತೂತು ಕಂಡ್ರೆ ಮುಚ್ಚೋರಿಲ್ಲ ಅಂತ. ಮನೆ ಬಳಕೆಯವರಿಗೆ 2026ರ ಅಕ್ಟೋಬರ್ 13ರವರೆಗೆ ಒಂದು ವರ್ಷದ ವಾಯಿದೆ ಕೊಟ್ಟಿದ್ದಾರೆ, ಮೈಕ್ರೋಸಾಫ್ಟ್ ಅಕೌಂಟ್‌ಗೆ ಸೆಟ್ಟಿಂಗ್ಸ್ ಸಿಂಕ್ ಮಾಡಿದ್ರೆ ಪುಕ್ಕಟೆ, ಇಲ್ಲಾಂದ್ರೆ 30 ಡಾಲರ್. ಅಷ್ಟೇ, ವಾಯಿದೆ ವಾಯಿದೆನೇ.

ನಮ್ಮಲ್ಲಿ ಬಹಳ ಜನ ಹಿಡಿಯೋ ಮೂರನೇ ದಾರಿ ಎಲ್ಲರಿಗೂ ಗೊತ್ತು, ಯಾರೂ ಬಾಯಿಬಿಟ್ಟು ಹೇಳಲ್ಲ. ಫಾರ್ಮ್ಯಾಟ್ ಹೊಡ್ಸಿ, ಪ್ರೊಸೆಸರ್ ಚೆಕ್ ಆಗದ ಹಾಗೆ ಬೈಪಾಸ್ ಮಾಡಿ, ಮೇಲೊಂದು ಲೈಸೆನ್ಸ್ ಇದೆ ಅಂತ ನಂಬಿಸೋ ಆಕ್ಟಿವೇಟರ್ ಓಡ್ಸಿ ಕ್ರ್ಯಾಕ್ ವಿಂಡೋಸ್ 11 ಹಾಕೋದು. ಕಾನೂನು ಮಾತು ಆಮೇಲೆ, ಆ ಆಕ್ಟಿವೇಟರ್ ಓಡಿಸೋವಾಗ ಆಂಟಿವೈರಸ್ ಆಫ್ ಮಾಡಿ ಅಡ್ಮಿನ್ ಪರ್ಮಿಷನ್ ಕೊಡ್ತೀವಲ್ಲ, ಅದನ್ನ ಯಾರು ಬರೆದ್ರು, ಒಳಗೆ ಇನ್ನೇನಿಟ್ಟಿದ್ದಾರೆ ಅಂತ ಹಾಕಿಕೊಟ್ಟ ಹುಡುಗನಿಗೂ ಗೊತ್ತಿರಲ್ಲ. ಅದೇ ಸಿಸ್ಟಮ್‌ನಲ್ಲಿ ಆಮೇಲೆ ನೆಟ್‌ಬ್ಯಾಂಕಿಂಗ್ ಮಾಡ್ತೀವಿ.

ಸರಿ, ಲಿನಕ್ಸ್‌ನ ಓಪನ್ ಸೋರ್ಸ್ ಅಂತಾರಲ್ಲ, ಹಂಗಂದ್ರೇನು. ಪ್ರೋಗ್ರಾಮ್ ಬರೆಯೋರು ಮನುಷ್ಯರು ಓದೋ ತರ ಬರೀತಾರೆ, ಅದು ಸೋರ್ಸ್ ಕೋಡ್. ಅದನ್ನ ಕಂಪೈಲ್ ಮಾಡಿದ್ಮೇಲೆ ಬರೋ ಫೈಲು ಮಷಿನ್‌ಗೆ ಮಾತ್ರ ಅರ್ಥ ಆಗುತ್ತೆ. ವಿಂಡೋಸ್‌ನಲ್ಲಿ ನಮಗೆ ಸಿಗೋದು ಎರಡನೇದು ಮಾತ್ರ, ಮೊದಲನೇದು ಕಂಪನಿ ಹತ್ರನೇ ಇರುತ್ತೆ. ಓಪನ್ ಸೋರ್ಸ್‌ನಲ್ಲಿ ಎರಡೂ ಸಿಗುತ್ತೆ, ಜೊತೆಗೆ ಒಂದು ಲೈಸೆನ್ಸ್ ಸಿಗುತ್ತೆ, ಓದು, ಬದಲಾಯಿಸು, ಬೇರೆಯವರಿಗೆ ಹಂಚು ಅಂತ. ಅಮೆರಿಕದ ರಿಚರ್ಡ್ ಸ್ಟಾಲ್‌ಮನ್ 1983ರಲ್ಲಿ ಇಂಥದ್ದೊಂದು ಪೂರ್ತಿ ಆಪರೇಟಿಂಗ್ ಸಿಸ್ಟಮ್ ಮಾಡ್ತೀನಿ ಅಂತ ಹೊರಟ, ಜಿಪಿಎಲ್ ಅನ್ನೋ ಲೈಸೆನ್ಸ್ ಬರೆದ. ಬದಲಾಯಿಸಿ ಹಂಚಿದ್ರೆ ನಿನ್ನ ಬದಲಾವಣೆಯ ಸೋರ್ಸನ್ನೂ ಅದೇ ಷರತ್ತಲ್ಲಿ ಕೊಡಬೇಕು ಅನ್ನೋದು ಅದರ ಪಟ್ಟು. 1991ರಲ್ಲಿ ಫಿನ್ಲೆಂಡಿನ ಹೆಲ್ಸಿಂಕಿಯಲ್ಲಿ ಓದ್ತಿದ್ದ ಲೀನಸ್ ಟೋರ್ವಾಲ್ಡ್ಸ್ ಹಾಬಿಗೆ ಅಂತ ಒಂದು ಕರ್ನಲ್, ಅಂದ್ರೆ ಆಪರೇಟಿಂಗ್ ಸಿಸ್ಟಮ್‌ನ ಒಳ ತಿರುಳು, ಬರೆದ, ಮುಂದಿನ ವರ್ಷ ಅದನ್ನ ಜಿಪಿಎಲ್ ಕೆಳಗೆ ತಂದ, ಅದೇ ಲಿನಕ್ಸ್. ನಿಮ್ಮ ಆಂಡ್ರಾಯ್ಡ್ ಫೋನ್ ಒಳಗಿರೋದೂ ಅದೇ ಕರ್ನಲ್, ಜಗತ್ತಿನ ಟಾಪ್ 500 ಸೂಪರ್‌ಕಂಪ್ಯೂಟರ್‌ಗಳೆಲ್ಲ 2017ರಿಂದ ಲಿನಕ್ಸ್ ಮೇಲೇ ಓಡ್ತಿರೋದು. ಹಿಂದೆ ಬಿದ್ದಿರೋದು ಡೆಸ್ಕ್‌ಟಾಪ್‌ನಲ್ಲಿ ಮಾತ್ರ. ಸ್ಟಾಟ್‌ಕೌಂಟರ್ ಅನ್ನೋ ಅಂಕಿಅಂಶ ಸಂಸ್ಥೆಯ ಲೆಕ್ಕದಲ್ಲಿ ಪ್ರಪಂಚದ ಡೆಸ್ಕ್‌ಟಾಪ್‌ಗಳಲ್ಲಿ ಲಿನಕ್ಸ್ ಪಾಲು 4 ಪರ್ಸೆಂಟ್ ದಾಟಿದ್ದೇ 2024ರ ಫೆಬ್ರವರಿಯಲ್ಲಿ.

ಇನ್ನು ಉಬುಂಟು, ಮಿಂಟ್, ಫೆಡೋರಾ, ಡೆಬಿಯನ್ ಅಂತ ನೂರೆಂಟು ಹೆಸರು ಕೇಳಿ ಜನ ಹೆದರ್ತಾರೆ. ದಾವಣಗೆರೆಯವರಿಗೆ ಇದು ಕಷ್ಟ ಆಗಬಾರದು, ಭಟ್ಟಿಯಿಂದ ಬರೋ ಮಂಡಕ್ಕಿ ಒಂದೇ, ಒಬ್ಬ ಒಗ್ಗರಣೆ ಹಾಕ್ತಾನೆ, ಒಬ್ಬ ಖಾರ ಮಾಡ್ತಾನೆ, ಒಬ್ಬ ಗಿರ್ಮಿಟ್ ಕಲಸ್ತಾನೆ. ಕರ್ನಲ್ ಒಂದೇ, ಅದರ ಮೇಲೆ ಯಾವ ಪ್ರೋಗ್ರಾಮ್‌ಗಳು, ಯಾವ ಡೆಸ್ಕ್‌ಟಾಪ್, ಎಷ್ಟು ವರ್ಷ ಅಪ್‌ಡೇಟ್ ಅನ್ನೋದರಲ್ಲಿ ಈ ಡಿಸ್ಟ್ರೋಗಳು, ಅಂದ್ರೆ ಬೇರೆ ಬೇರೆ ಹೆಸರಿನ ಲಿನಕ್ಸ್‌ಗಳು, ಬೇರೆ ಬೇರೆ. ವಿಂಡೋಸ್ ಅಭ್ಯಾಸ ಇರೋರಿಗೆ ಲಿನಕ್ಸ್ ಮಿಂಟ್ ಸಾಕು, ಕೆಳಗೆ ಸ್ಟಾರ್ಟ್ ಮೆನು ತರದ್ದೇ ಇರುತ್ತೆ. ಯಾವ ಡಿಸ್ಟ್ರೋ ಶ್ರೇಷ್ಠ ಅನ್ನೋ ಜಗಳಕ್ಕೆ ಕೊನೆ ಇಲ್ಲ, ಅದನ್ನ ಇಂಜಿನಿಯರಿಂಗ್ ಹಾಸ್ಟೆಲ್ ಹುಡುಗರಿಗೆ ಬಿಟ್ಟುಬಿಡೋಣ.

ಈಗ ಇಬ್ಬರೂ ಬಿಟ್ಟುಬಿಡೋ ವಿಷಯಕ್ಕೆ ಬರ್ತೀನಿ. ಲಿನಕ್ಸ್ ಪರ ಮಾತಾಡೋರು ಬರೀ "ಫ್ರೀ, ಫಾಸ್ಟ್" ಅಂತಾರೆ. ದುಡ್ಡು ಮುಖ್ಯ ಅಲ್ಲ ಕಣ್ರಿ. ಓಪನ್ ಸೋರ್ಸ್‌ನ ನಿಜವಾದ ತೂಕ ಗೊತ್ತಾಗೋದು ಮಾಡಿದೋರು ಕೈಬಿಟ್ಟಾಗ. ಓಪನ್‌ಆಫೀಸ್ ಅಂತ ಒಂದು ಆಫೀಸ್ ಪ್ಯಾಕೇಜ್ ಇತ್ತು, ಅದನ್ನ ನೋಡ್ಕೊಂತಿದ್ದ ಸನ್ ಕಂಪನಿಯನ್ನ ಒರಾಕಲ್ ಕೊಂಡ್ಕೊಂತು, ಡೆವಲಪರ್‌ಗಳಿಗೆ ನಂಬಿಕೆ ಹೋಯ್ತು, 2010ರಲ್ಲಿ ಅದೇ ಸೋರ್ಸ್ ಎತ್ಕೊಂಡು ಲಿಬ್ರೆಆಫೀಸ್ ಅಂತ ಬೇರೆ ಒಲೆ ಹೂಡಿದ್ರು, ಇವತ್ತು ಹೆಚ್ಚಿನ ಜನ ಬಳಸೋದು ಅದನ್ನೇ. ಸರ್ವರ್‌ಗಳಲ್ಲಿ ಬಳಸೋ ಸೆಂಟ್‌ಓಎಸ್ 8 ಅನ್ನೋ ಲಿನಕ್ಸ್‌ಗೆ 2029ರವರೆಗೆ ಸಪೋರ್ಟ್ ಅಂತ ಹೇಳಿದ್ದ ರೆಡ್ ಹ್ಯಾಟ್ ಕಂಪನಿ 2021ರ ಕೊನೆಗೇ ನಿಲ್ಲಿಸಿಬಿಡ್ತು. ನೋಡಿ, ಓಪನ್ ಸೋರ್ಸ್ ಕಂಪನಿಗಳೂ ಮಾತು ತಪ್ತವೆ, ಅವರೇನು ದೇವ್ರಲ್ಲ. ಆದ್ರೆ ಸುದ್ದಿ ಬಂದ ಕೆಲವೇ ತಿಂಗಳಲ್ಲಿ ಅಲ್ಮಾ, ರಾಕಿ ಅಂತ ಎರಡು ಬದಲಿ ಎದ್ದು ನಿಂತ್ವು, ಯಾಕಂದ್ರೆ ಸೋರ್ಸ್ ಹೊರಗಡೆ ಇತ್ತು.

ಇದಕ್ಕೆ ಉಲ್ಟಾ ಪೇಜ್‌ಮೇಕರ್ ತಗೊಳ್ಳಿ. ನಮ್ಮ ಕಡೆ ಎಷ್ಟು ಡಿಟಿಪಿ ಅಂಗಡಿ ಆ ಸಾಫ್ಟ್‌ವೇರ್ ಮೇಲೆ ಸಂಸಾರ ನಡೆಸಿವೆ, ಲಗ್ನಪತ್ರಿಕೆ, ಕರಪತ್ರ, ತಿಥಿ ಕಾರ್ಡು ಎಲ್ಲ ಅದರಲ್ಲೇ. ಅಡೋಬಿ 7.0 ಆದ್ಮೇಲೆ ಅದನ್ನ ನಿಲ್ಲಿಸಿಬಿಡ್ತು, ಎಲ್ಲ ಭಾಷೆಯ ಅಕ್ಷರಕ್ಕೂ ಅದರದ್ದೇ ನಂಬರ್ ಕೊಡೋ ಯೂನಿಕೋಡ್ ಅದಕ್ಕೆ ಬರಲೇ ಇಲ್ಲ, ಇನ್ನು ಬರೋದೂ ಇಲ್ಲ. ಎಷ್ಟೇ ಜನಕ್ಕೆ ಬೇಕಿದ್ರೂ, ಎಷ್ಟೇ ಬುದ್ಧಿವಂತರಿದ್ರೂ, ಸೋರ್ಸ್ ಇಲ್ದೆ ಯಾರೂ ಏನೂ ಮಾಡೋಕಾಗಲ್ಲ. ವಿಂಡೋಸ್ 10ರ ಕಥೆಯೂ ಇದೇ, ಕೋಟಿಗಟ್ಲೆ ಸಿಸ್ಟಮ್ ಇನ್ನೂ ಗಟ್ಟಿಮುಟ್ಟಾಗಿವೆ, ಮುಂದುವರಿಸೋ ಹಕ್ಕು ಇನ್ಯಾರಿಗೂ ಇಲ್ಲ.

ಹಾಗಂತ ಲಿನಕ್ಸ್ ಹಾಕಿದ ತಕ್ಷಣ ಬಿಡುಗಡೆ ಅಂದ್ಕೋಬೇಡಿ, ನಾವು ಸಿಕ್ಕಿಹಾಕ್ಕೊಂಡಿರೋದು ಬರೀ ಓಎಸ್‌ಗೆ ಅಲ್ಲ, ನಮ್ಮ ಹಳೇ ಫೈಲುಗಳಿಗೆ. ಇಲ್ಲಿ ನುಡಿ, ಬರಹ ಫಾಂಟ್ ವಿಚಾರ ಸ್ವಲ್ಪ ಬಿಡಿಸಿ ಹೇಳ್ಬೇಕು.

ಹಳೇ ನುಡಿ ಫಾಂಟಲ್ಲಿ ಟೈಪ್ ಮಾಡಿದ ಫೈಲ್ ಒಳಗೆ ನಿಜವಾಗ್ಲೂ ಕನ್ನಡ ಇರಲ್ಲ. ಕಂಪ್ಯೂಟರ್‌ನಲ್ಲಿ ಪ್ರತಿ ಅಕ್ಷರಕ್ಕೂ ಒಂದು ನಂಬರ್ ಇರುತ್ತೆ, ಅವಾಗ ಇದ್ದಿದ್ದು ಇಂಗ್ಲಿಷ್ ಮತ್ತೆ ಯುರೋಪಿನ ಅಕ್ಷರಗಳಿಗೆ ಕೊಟ್ಟಿದ್ದ ಇನ್ನೂರೈವತ್ತಾರು ನಂಬರ್ ಅಷ್ಟೇ. ನಮ್ಮೋರು ಏನ್ ಮಾಡಿದ್ರು ಅಂದ್ರೆ ಅದೇ ನಂಬರ್‌ಗಳ ಮೇಲೆ ಕನ್ನಡದ ತುಂಡುಗಳನ್ನ ಬರೆದ್ರು, ತಲಕಟ್ಟು, ಕೊಂಬು, ದೀರ್ಘ, ಒತ್ತು, ಹೀಗೆ. ಅವತ್ತಿನ ಮಟ್ಟಿಗೆ ಅದು ಜಾಣತನವೇ, ಇಲ್ಲದಿದ್ರೆ ಕಂಪ್ಯೂಟರಲ್ಲಿ ಕನ್ನಡ ಬರೋದೇ ತಡ ಆಗ್ತಿತ್ತು. ಪರಿಣಾಮ ಏನಂದ್ರೆ ಫೈಲಲ್ಲಿ ಇರೋದು ಇಂಗ್ಲಿಷ್ ನಂಬರ್, ಕಣ್ಣಿಗೆ ಕಾಣೋದು ಕನ್ನಡ, ಆ ಫಾಂಟ್ ಇಲ್ಲದ ಸಿಸ್ಟಮ್‌ನಲ್ಲಿ ತೆಗೆದ್ರೆ ತಲೆ ಮೇಲೆ ಚುಕ್ಕಿ ಗೆರೆ ಇರೋ ವಿಚಿತ್ರ ಇಂಗ್ಲಿಷ್ ಅಕ್ಷರಗಳು. ಆಗ ಜನ ಹೇಳೋದು "ಲಿನಕ್ಸ್‌ನಾಗೆ ಕನ್ನಡ ಬರಲ್ಲ" ಅಂತ. ತಪ್ಪು ಲಿನಕ್ಸ್‌ದಲ್ಲ, ಆ ಫೈಲನ್ನ ಫಾಂಟ್ ಇಲ್ಲದ ಹೊಸ ವಿಂಡೋಸ್ ಸಿಸ್ಟಮ್‌ನಲ್ಲಿ ತೆಗೆದ್ರೂ, ಫೋನಲ್ಲಿ ತೆಗೆದ್ರೂ ಅದೇ ಗತಿ.

ಲಿನಕ್ಸ್‌ನಲ್ಲಿ ಆ ಹಳೇ ಫಾಂಟ್ ಫೈಲ್‌ಗಳನ್ನ ಹಾಕ್ಕೊಂಡ್ರೆ ಹಳೇ ಡಾಕ್ಯುಮೆಂಟ್ ಲಿಬ್ರೆಆಫೀಸ್‌ನಲ್ಲಿ ಓದೋಕೆ ಬರುತ್ತೆ. ಟೈಪ್ ಮಾಡೋ ನುಡಿ ಸಾಫ್ಟ್‌ವೇರ್ ವಿಂಡೋಸ್‌ದು, ಅದು ಬರಲ್ಲ. ಆದ್ರೆ ಕೀಬೋರ್ಡ್ ಲೇಔಟ್ ಇದೆ, ಕೆ.ಪಿ. ರಾವ್ ಅವರು ರೂಪಿಸಿದ ವಿನ್ಯಾಸದ ಮೇಲೆ ನಿಂತಿರೋ ಅದೇ ಕಗಪ ಲೇಔಟ್, ಐಬಸ್ ಅನ್ನೋ ಇನ್‌ಪುಟ್ ಪ್ರೋಗ್ರಾಮ್ ಜೊತೆ ಎಂ17ಎನ್ ಪ್ಯಾಕೇಜ್ ಹಾಕಿದ್ರೆ ಸಿಗುತ್ತೆ, ಇನ್‌ಸ್ಕ್ರಿಪ್ಟ್ ಕೂಡ ಇದೆ, ನುಡಿ ಅಭ್ಯಾಸ ಇರೋ ಬೆರಳು ಹೊಸದಾಗಿ ಕಲಿಯೋದೇನಿಲ್ಲ. ಬರೋ ಅಕ್ಷರ ಮಾತ್ರ ಶುದ್ಧ ಯೂನಿಕೋಡ್, ವಾಟ್ಸಾಪ್‌ಗೆ ಹಾಕಿದ್ರೂ ಗೂಗಲ್‌ನಲ್ಲಿ ಹುಡುಕಿದ್ರೂ ಕನ್ನಡವಾಗೇ ಇರುತ್ತೆ. ಹಳೇದನ್ನ ಯೂನಿಕೋಡ್‌ಗೆ ಬದಲಾಯಿಸೋ ಕನ್ವರ್ಟರ್‌ಗಳಿವೆ, ಬಳಸಿ, ಆದ್ರೆ ಅರ್ಕಾವೊತ್ತು ಇರೋ ಪದ ಮತ್ತೆ ಮಧ್ಯೆ ಮಧ್ಯೆ ಬಂದಿರೋ ಇಂಗ್ಲಿಷ್ ಪದಗಳನ್ನ ಕಣ್ಣಾರೆ ನೋಡ್ಲೇಬೇಕು, ಅವು ಕೆಡೋ ಜಾಗಗಳು. ಈ ಕೆಲಸ ಲಿನಕ್ಸ್‌ಗೆ ಹೋಗಲಿ ಬಿಡಲಿ ಎಲ್ಲರೂ ಇವತ್ತಲ್ಲ ನಾಳೆ ಮಾಡ್ಲೇಬೇಕಾದ್ದು.

ಟ್ಯಾಲಿಗೆ ಬರೋಣ. ಇಲ್ಲಿ ಎರಡನೇಯವನ ಮಾತು ಸರಿ. ಟ್ಯಾಲಿಪ್ರೈಮ್ ವಿಂಡೋಸ್‌ಗೆ ಅಂತಲೇ ಮಾಡಿರೋದು, ಲಿನಕ್ಸ್ ವರ್ಷನ್ ಇಲ್ಲ. ವೈನ್ ಅಂತ ಒಂದು ಪ್ರೋಗ್ರಾಮ್ ಇದೆ, ವಿಂಡೋಸ್ ಪ್ರೋಗ್ರಾಮ್‌ಗಳನ್ನ ಲಿನಕ್ಸ್ ಮೇಲೆ ಓಡಿಸುತ್ತೆ, 1993ರಿಂದ ಕೆಲಸ ನಡೀತಿದೆ, ಗೇಮ್‌ಗಳಲ್ಲಂತೂ ಅದರ ಮೇಲೆ ಕಟ್ಟಿದ ಪ್ರೋಟಾನ್‌ನಿಂದ ದೊಡ್ಡ ಜಿಗಿತ ಆಗಿದೆ. ಆದ್ರೆ ಮಂಡಿಪೇಟೆ ವ್ಯಾಪಾರಿನೋ ಎಪಿಎಂಸಿ ದಲಾಲಿ ಅಂಗಡಿಯೋರೋ ಮೆಕ್ಕೆಜೋಳದ ಸೀಸನ್ನಲ್ಲಿ ಬಿಲ್ ಹೊಡೀತಾ ಕೂತಿರೋವಾಗ ವೈನ್ ಕೈ ಕೊಟ್ರೆ ಯಾರನ್ನ ಕರೀತೀರಿ? ಟ್ಯಾಲಿಯೋರು "ವಿಂಡೋಸ್‌ನಲ್ಲಿ ಹಾಕ್ರಿ" ಅಂತಾರೆ, ಅವರು ಹೇಳೋದು ನ್ಯಾಯನೇ. ಜಿಎಸ್‌ಟಿ ಪೋರ್ಟಲ್ ಬ್ರೌಸರಲ್ಲಿ ತೆರೆಯುತ್ತೆ, ಅದಕ್ಕೇನು ತೊಂದ್ರೆ ಇಲ್ಲ, ಆದ್ರೆ ಡಿಜಿಟಲ್ ಸಹಿಯ ಟೋಕನ್ ಬಳಸೋರು ಆ ಟೋಕನ್‌ಗೆ ಲಿನಕ್ಸ್ ಡ್ರೈವರ್ ಇದೆಯಾ ಅಂತ ಮೊದಲೇ ನೋಡ್ಕೋಬೇಕು. ಲೆಕ್ಕದ ಸಿಸ್ಟಮ್ ಅಂದ್ರೆ ವಿಂಡೋಸ್, ಅದೂ ಲೈಸೆನ್ಸ್ ಇರೋದು, ನನ್ನ ಮಟ್ಟಿಗೆ ಇದರಲ್ಲಿ ಚರ್ಚೆ ಇಲ್ಲ.

ಫ್ಲೆಕ್ಸ್, ಪ್ರಿಂಟಿಂಗ್ ಪ್ರೆಸ್ಸಿನವರಿಗೂ ಸದ್ಯಕ್ಕೆ ಕಷ್ಟ. ಕೋರೆಲ್‌ಡ್ರಾ, ಫೋಟೋಶಾಪ್ ಎರಡೂ ಲಿನಕ್ಸ್‌ಗೆ ಇಲ್ಲ. ಮಜಾ ಏನಂದ್ರೆ 2000ದಲ್ಲಿ ಕೋರೆಲ್‌ಡ್ರಾ 9 ಲಿನಕ್ಸ್‌ಗೆ ಬಂದಿತ್ತು, ಕೋರೆಲ್ ಕಂಪನಿ 1999ರಲ್ಲಿ ತನ್ನದೇ ಲಿನಕ್ಸ್ ಕೂಡ ಬಿಟ್ಟಿತ್ತು, ಆಮೇಲೆ ಎರಡನ್ನೂ ಕೈಬಿಡ್ತು. ಬದಲಿಗೆ ಇಂಕ್‌ಸ್ಕೇಪ್, ಗಿಂಪ್, ಸ್ಕ್ರೈಬಸ್ ಇವೆ. ಇಂಕ್‌ಸ್ಕೇಪ್ ಕೆಟ್ಟದ್ದಲ್ಲ, ಕನ್ನಡ ಒತ್ತಕ್ಷರ ಚೆನ್ನಾಗಿ ಕೂರುತ್ತೆ, ಆದ್ರೆ ಒಳಗೆಲ್ಲ ಆರ್‌ಜಿಬಿ (ಸ್ಕ್ರೀನಿನ ಬಣ್ಣದ) ಲೆಕ್ಕ, ಆಫ್‌ಸೆಟ್‌ಗೆ ಬೇಕಾದ ಸಿಎಂವೈಕೆ (ಪ್ರಿಂಟಿನ ನಾಲ್ಕು ಬಣ್ಣ) ಸರಿಯಾಗಿ ಕೊಡೋದು ಸ್ಕ್ರೈಬಸ್. ಗಿರಾಕಿ ಪೆನ್‌ಡ್ರೈವಲ್ಲಿ ತರೋದು ಮಾತ್ರ ಕೋರೆಲ್ ಫೈಲ್. ಪಕ್ಕದ ಅಂಗಡಿಯವನು ಕೊಡೋದೂ ಕೋರೆಲ್ ಫೈಲ್. ಒಬ್ಬನೇ ಬದಲಾದ್ರೆ ಹೊಟ್ಟೆಪಾಡು ನಡೆಯಲ್ಲ.

ಜರ್ಮನಿಯ ಮ್ಯೂನಿಕ್ ನಗರಕ್ಕೂ ಕೊನೆಗೆ ಅಡ್ಡ ಬಂದಿದ್ದರಲ್ಲಿ ಇದೂ ಒಂದು. 2003ರಲ್ಲಿ ಅಲ್ಲಿನ ಕೌನ್ಸಿಲ್ ಪಾಲಿಕೆಯ ಸಿಸ್ಟಮ್‌ಗಳನ್ನೆಲ್ಲ ಲಿನಕ್ಸ್‌ಗೆ ಒಯ್ಯೋಕೆ ತೀರ್ಮಾನ ಮಾಡ್ತು. ಆಗಿನ ಮೈಕ್ರೋಸಾಫ್ಟ್ ಮುಖ್ಯಸ್ಥ ಸ್ಟೀವ್ ಬಾಮರ್ ರಜೆ ಬಿಟ್ಟು ಮೇಯರ್ ಹತ್ರ ಓಡಿ ಬಂದಿದ್ದ, ಆದ್ರೂ ಬಗ್ಗಲಿಲ್ಲ. 2013ರ ಹೊತ್ತಿಗೆ ಸುಮಾರು 15,000 ಸಿಸ್ಟಮ್ ಬದಲಾದ್ವು. 2017ರಲ್ಲಿ ಅದೇ ಕೌನ್ಸಿಲ್ ವಾಪಸ್ ವಿಂಡೋಸ್‌ಗೆ ಹೋಗೋಣ ಅಂತ ಓಟು ಹಾಕ್ತು. ರಾಜಕೀಯ ಇತ್ತು, ಐಟಿ ವಿಭಾಗದ ಗೊಂದಲ ಇತ್ತು, ಜೊತೆಗೆ ಹೊರಗಿನ ಆಫೀಸುಗಳಿಂದ ಬರೋ ಫೈಲು, ವಿಂಡೋಸ್‌ಗೆ ಮಾತ್ರ ಇರೋ ಸಾಫ್ಟ್‌ವೇರ್ ತಲೆನೋವು ಇತ್ತು. ಅದೇ ಪಕ್ಕದ ಕೇರಳ ನೋಡಿ, ಸರ್ಕಾರಿ ಶಾಲೆಗಳಲ್ಲಿ ಉಬುಂಟು ಮೇಲೆ ಮಾಡಿದ ಕೈಟ್ ಲಿನಕ್ಸ್ ವರ್ಷಗಟ್ಲೆಯಿಂದ ನಡೀತಿದೆ. ಅಲ್ಲಿ ಪಠ್ಯ, ಟೀಚರ್ ಟ್ರೈನಿಂಗ್, ಪರೀಕ್ಷೆ ಎಲ್ಲ ಅದಕ್ಕೆ ಹೊಂದಿಸಿ ಮಾಡಿದ್ರು, ಹೊರಗಿನೋರ ಫೈಲಿಗೆ ಕಾಯೋ ಕೆಲಸ ಶಾಲೆಗೆ ಇರಲಿಲ್ಲ. ಒಂದು ಕಡೆ ನಿಲ್ಲದೇ ಇದ್ದಿದ್ದು ಇನ್ನೊಂದು ಕಡೆ ನಿಂತಿದ್ದು ಇದಕ್ಕೇ ಅಂತ ನನ್ನ ಅಂದಾಜು.

ವೈರಸ್ ಬರಲ್ಲ ಅನ್ನೋ ಮಾತು. ಪೆನ್‌ಡ್ರೈವಲ್ಲಿ ಊರೆಲ್ಲ ಸುತ್ತೋ ವೈರಸ್‌ಗಳು ಬಹುಪಾಲು ವಿಂಡೋಸ್‌ಗೆ ಬರೆದವು, ಲಿನಕ್ಸ್‌ನಲ್ಲಿ ಓಡಲ್ಲ, ಜೆರಾಕ್ಸ್ ಅಂಗಡಿಯೋರಿಗೆ ಇದೇ ದೊಡ್ಡ ಲಾಭ. ಆದ್ರೆ "ಕೋಡ್ ಎಲ್ಲರೂ ನೋಡ್ತಾರೆ, ಅದಕ್ಕೇ ಸೇಫ್" ಅನ್ನೋದು ಪೂರ್ತಿ ನಿಜ ಅಲ್ಲ. 2024ರ ಮಾರ್ಚ್‌ನಲ್ಲಿ ಎಕ್ಸ್‌ಝೆಡ್ ಅನ್ನೋ ಸಣ್ಣ ಕಂಪ್ರೆಷನ್ ಪ್ಯಾಕೇಜಿನೊಳಗೆ ಕಳ್ಳ ಬಾಗಿಲು ಸಿಕ್ತು. ಅದನ್ನ ಬಹುಮಟ್ಟಿಗೆ ಒಬ್ಬನೇ ವಾಲಂಟಿಯರ್ ನೋಡ್ಕೊಂತಿದ್ದ, ಜಿಯಾ ಟ್ಯಾನ್ ಅಂತ ಹೆಸರಿಟ್ಕೊಂಡವನು ಎರಡು ವರ್ಷಕ್ಕೂ ಹೆಚ್ಚು ಕಾಲ ಒಳ್ಳೆಯವನ ತರ ಕೆಲಸ ಮಾಡಿ ನಂಬಿಕೆ ಗಳಿಸಿ ಕೊನೆಗೆ ಅದನ್ನ ತೂರಿಸಿದ್ದ. ಹಿಡಿದಿದ್ದು ಆಂಡ್ರೆಸ್ ಫ್ರಾಯ್ಂಡ್, ಲಾಗಿನ್ ಆಗೋಕೆ ಅರ್ಧ ಸೆಕೆಂಡ್ ಜಾಸ್ತಿ ಆಗ್ತಿದೆಯಲ್ಲ ಅಂತ ಅನುಮಾನ ಬಂದು ಕೆದಕ್ತಾ ಹೋದ, ಆತ ಕೆಲಸ ಮಾಡ್ತಿದ್ದಿದ್ದು ಮೈಕ್ರೋಸಾಫ್ಟ್‌ನಲ್ಲಿ! ಸಾಮಾನ್ಯ ಜನ ಬಳಸೋ ಸ್ಟೇಬಲ್ ವರ್ಷನ್‌ಗಳಿಗೆ ಅದು ಇನ್ನೂ ತಲುಪಿರಲಿಲ್ಲ. ಕೋಡ್ ಹೊರಗಿದ್ದಿದ್ದಕ್ಕೇ ಸಿಕ್ತು ಅನ್ನೋದು ಸರಿ. ಕೋಡ್ ಹೊರಗಿದ್ರೂ ಯಾರೂ ನೋಡ್ತಾ ಇರಲಿಲ್ಲ ಅನ್ನೋದೂ ಅಷ್ಟೇ ಸರಿ.

ಇದೇ ಓಪನ್ ಸೋರ್ಸ್‌ನ ಇನ್ನೊಂದು ಮುಖ, ನಿಮ್ಮಿಂದ ಯಾರೂ ಕಿತ್ಕೊಳ್ಳೋ ಹಾಗಿಲ್ಲ, ಹಾಗೇ ನಿಮಗೆ ಯಾರೂ ಬಾಧ್ಯಸ್ಥರೂ ಅಲ್ಲ. ಲೈಸೆನ್ಸಲ್ಲೇ ಬರೆದಿರುತ್ತೆ, ಯಾವ ಗ್ಯಾರಂಟಿನೂ ಇಲ್ಲ ಅಂತ. (ವಿಂಡೋಸ್ ಲೈಸೆನ್ಸ್ ಓದಿದ್ರೂ ಅವರು ಹೊತ್ಕೊಳ್ಳೋ ಜವಾಬ್ದಾರಿ ಅಷ್ಟರಲ್ಲೇ ಇದೆ, ಓದೋರು ಯಾರು.) ಕಷ್ಟ ಬರೋದು ಸಣ್ಣ ಸಣ್ಣ ಜಾಗದಲ್ಲಿ. ಹೊಸ ಪ್ರಿಂಟರ್‌ಗಳು ಬಹಳಷ್ಟು ಡ್ರೈವರ್ ಇಲ್ದೇನೇ ಹಿಡಿಯುತ್ತವೆ, ಆದ್ರೆ ಜೆರಾಕ್ಸ್ ಅಂಗಡಿಗಳಲ್ಲಿ ಸಾಯದೇ ಕೂತಿರೋ ಕೆಲವು ಹಳೇ ಲೇಸರ್ ಪ್ರಿಂಟರ್‌ಗಳ ಡ್ರೈವರ್ ಹಾಕೋದ್ರಲ್ಲಿ ತಲೆ ಕೂದಲು ಉದುರುತ್ತೆ. ಕೆಲವು ಲ್ಯಾಪ್‌ಟಾಪ್‌ಗಳ ವೈಫೈ ಚಿಪ್ಪೂ ಹಾಗೇ. ನೆಟ್‌ನಲ್ಲಿ ಹುಡುಕಿದ್ರೆ ಉತ್ತರ ಸಿಗುತ್ತೆ, ಹುಡುಕೋ ತಾಳ್ಮೆ ನಿಮಗಿರಬೇಕು ಅಥವಾ ತಾಳ್ಮೆ ಇರೋ ಒಬ್ಬ ಹುಡುಗ ಹತ್ರದಲ್ಲಿರಬೇಕು. ವಿಂಡೋಸ್‌ಗೆ ಅಂಥ ಹುಡುಗ ಗಲ್ಲಿಗೊಬ್ಬ ಸಿಗ್ತಾನೆ, ಲಿನಕ್ಸ್‌ಗೆ ಸಿಗಲ್ಲ. ವಾದದಲ್ಲಿ ಯಾರೂ ಇದನ್ನ ತೂಕಕ್ಕೆ ಹಾಕಲ್ಲ, ನನಗೆ ಮಾತ್ರ ಟ್ಯಾಲಿಗಿಂತ ದೊಡ್ಡ ಅಡ್ಡಿ ಇದೇ ಅನ್ಸುತ್ತೆ.

ಹಂಗಾದ್ರೆ ಯಾರು ಹಾಕ್ಸ್ಬೇಕು? ಮನೆಯಲ್ಲಿ ಬ್ರೌಸರ್, ಯೂಟ್ಯೂಬ್, ಇಮೇಲ್, ಮಕ್ಕಳ ಆನ್‌ಲೈನ್ ಕ್ಲಾಸು ಇಷ್ಟಕ್ಕೇ ಸಿಸ್ಟಮ್ ಇಟ್ಕೊಂಡಿರೋರು ಕಣ್ಮುಚ್ಚಿ ಹಾಕ್ಸಬಹುದು. ರಿಟೈರ್ ಆದ ಮೇಷ್ಟ್ರು ಲೇಖನ ಬರೀತಾರೆ ಅಂದ್ರೂ ಸೈ, ಯೂನಿಕೋಡ್‌ಗೆ ಬದಲಾಗೋಕೆ ಇದೇ ನೆಪ ಆಗುತ್ತೆ. ಬಿಐಇಟಿ, ಯುಬಿಡಿಟಿ, ಜಿಎಂಐಟಿ ತರದ ನಮ್ಮೂರ ಇಂಜಿನಿಯರಿಂಗ್ ಕಾಲೇಜಿನ ಹುಡುಗ ಹುಡುಗೀರು ಕಂಪ್ಯೂಟರ್ ಸೈನ್ಸ್ ಓದ್ತಿದ್ರೆ ಹಾಕ್ಕೊಳ್ಳಲೇಬೇಕು, ಕೆಲಸಕ್ಕೆ ಸೇರಿದ್ಮೇಲೆ ಮುಟ್ಟೋ ಸರ್ವರ್ ಹೆಚ್ಚುಕಡಿಮೆ ಲಿನಕ್ಸೇ ಆಗಿರುತ್ತೆ, ಆದ್ರೆ ವ್ಯಾಲೊರಂಟ್ ಆಡೋರು ಎರಡೂ ಓಎಸ್ ಇಟ್ಕೊಳ್ಳಿ, ಆ ಗೇಮ್ ಇದರಲ್ಲಿ ಓಡಲ್ಲ. ಲೆಕ್ಕಪತ್ರದವರು, ಪ್ರೆಸ್ಸಿನವರು ಮುಖ್ಯ ಸಿಸ್ಟಮ್ ಮುಟ್ಟಬೇಡಿ. ಸರ್ಕಾರಿ ಆಫೀಸ್‌ಗೆ ನುಡಿ ಫೈಲ್ ಕಳಿಸ್ತಾ ಇರೋ ಟೈಪಿಂಗ್ ಸೆಂಟರ್‌ನೋರು ಎದುರಿನ ಆಫೀಸು ಯೂನಿಕೋಡ್ ತಗೊಳ್ಳುತ್ತಾ ಅಂತ ಕೇಳಿ ಆಮೇಲೆ ಯೋಚನೆ ಮಾಡಿ.

ನೋಡೋಕೆ ಆಸೆ ಇದ್ರೆ ಒಂದು 8 ಜಿಬಿ ಪೆನ್‌ಡ್ರೈವ್ ಸಾಕು. ಲಿನಕ್ಸ್ ಮಿಂಟ್ 22ರ ಐಎಸ್‌ಓ ಫೈಲ್ (ಇನ್‌ಸ್ಟಾಲ್ ಮಾಡೋ ಫೈಲು) ಸುಮಾರು 3 ಜಿಬಿ ಇರುತ್ತೆ, ರುಫಸ್ ಅನ್ನೋ ಪ್ರೋಗ್ರಾಮ್‌ನಲ್ಲಿ ಅದನ್ನ ಪೆನ್‌ಡ್ರೈವ್‌ಗೆ ಬರೆದು, ಅದರಿಂದ ಸಿಸ್ಟಮ್ ಬೂಟ್ ಮಾಡಿದ್ರೆ ಹಾರ್ಡ್‌ಡಿಸ್ಕ್ ಮುಟ್ಟದೇ ಓಡುತ್ತೆ, ಇಷ್ಟ ಆಗ್ಲಿಲ್ಲ ಅಂದ್ರೆ ಪೆನ್‌ಡ್ರೈವ್ ಕಿತ್ತು ರೀಸ್ಟಾರ್ಟ್ ಮಾಡಿ. ಕನಿಷ್ಠ 2 ಜಿಬಿ ರ‍್ಯಾಮ್ ಅಂತ ಹೇಳ್ತಾರೆ, 4 ಇದ್ರೆ ಒಳ್ಳೇದು, ಬ್ರೌಸರ್‌ನಲ್ಲಿ ಹತ್ತು ಟ್ಯಾಬ್ ತೆಗೆಯೋರಿಗೆ 8. ಅಪ್‌ಡೇಟ್ 2029ರವರೆಗೆ ಇದೆ. ಹಾಗೆ ಓಡ್ತಿರೋವಾಗಲೇ ವೈಫೈ ಬರುತ್ತಾ, ಸೌಂಡ್ ಬರುತ್ತಾ, ಪ್ರಿಂಟರ್‌ನಿಂದ ಒಂದು ಪೇಜ್ ಹೊರಗೆ ಬರುತ್ತಾ, ನಿಮ್ಮ ಹಳೇ ವರ್ಡ್ ಫೈಲ್ ಒಂದು ಸರಿಯಾಗಿ ತೆಗೆಯುತ್ತಾ ನೋಡ್ಕೊಳ್ಳಿ. ಇದಿಷ್ಟೂ ಆಯ್ತು ಅಂದ್ರೆ ಮಾತ್ರ ಇನ್‌ಸ್ಟಾಲ್ ಬಟನ್ ಒತ್ತಿ. ವಿಂಡೋಸ್ ಪಕ್ಕದಲ್ಲೇ ಹಾಕ್ಕೊಳ್ಳೋರು ಮೊದಲು ಡೇಟಾ ಪೂರ್ತಿ ಬೇರೆ ಡಿಸ್ಕ್‌ಗೆ ಕಾಪಿ ತೆಗೀರಿ, ಡಿಸ್ಕಿಗೆ ಬೀಗ ಹಾಕೋ ಬಿಟ್‌ಲಾಕರ್ ಆನ್ ಇದ್ರೆ ಅದರ ರಿಕವರಿ ಕೀ ಒಂದು ಚೀಟಿಯಲ್ಲಿ ಬರೆದಿಟ್ಕೊಳ್ಳಿ, ಯಾಕಂದ್ರೆ ಬೂಟ್ ಸೆಟ್ಟಿಂಗ್ ಬದಲಾದ್ಮೇಲೆ ವಿಂಡೋಸ್ ಆ ಕೀ ಕೇಳೋ ಸಾಧ್ಯತೆ ಇದೆ, ಅದು ಇಲ್ಲಾಂದ್ರೆ ಯಾವ ರಿಪೇರಿ ಅಂಗಡಿಯವನಿಂದಲೂ ಡೇಟಾ ವಾಪಸ್ ತೆಗೆಯೋಕಾಗಲ್ಲ.